ಭ್ರೂಣದ ಮೀಡಿಯಾದಾಗ ಜಿಎಂ-ಸಿಎಸ್‌ಎಫ್: ಯಾರಿಗೆ ಹಾಕಬೇಕು, ಹೆಂಗ ಹಾಕಬೇಕು?

ಉಣಕಲ್_ಲ್ಯಾಬ್ (ಹುಬ್ಬಳ್ಳಿ)

ಐವಿಎಫ್ ಲ್ಯಾಬಿನ ಕೆಲಸ ಬಲ್ಲವರಿಗೆ ಒಂದು ಪ್ರಶ್ನೆ. ಸ್ವಲ್ಪ ಉದ್ದ ಅದ, ದಯವಿಟ್ಟು ಪೂರ್ತಿ ಓದ್ರಿ.

ಲ್ಯಾಬ್ ಸಣ್ಣದು, ವರ್ಷಕ್ಕೆ 150–160 ಸೈಕಲ್ (ಒಂದು ಸೈಕಲ್ ಅಂದ್ರ ಒಂದು ಸುತ್ತಿನ ಚಿಕಿತ್ಸೆ). ಎರಡು ಬೆಂಚ್‌ಟಾಪ್ ಇನ್‌ಕ್ಯುಬೇಟರ್, ಎರಡೂ ನೀರಿನ ಟ್ರೇ ಇಲ್ಲದ ಡ್ರೈ ಮಾದರಿ. 37 ಡಿಗ್ರಿ, ಕಾರ್ಬನ್ ಡೈಆಕ್ಸೈಡ್ 6%, ಆಕ್ಸಿಜನ್ 5%. 60 ಮಿ.ಮೀ. ಡಿಶ್‌ನಾಗ 25 ಮೈಕ್ರೊಲೀಟರ್ ಹನಿ, ಮ್ಯಾಲೆ ಎಣ್ಣೆ. ಸೀಕ್ವೆನ್ಶಿಯಲ್ ಮೀಡಿಯಾ (ಭ್ರೂಣ ಬೆಳೆಸೋ ದ್ರವ, ಹಂತಕ್ಕ ತಕ್ಕಂಗ ಬೇರೆ ಬೇರೆ), ಮೂರನೇ ದಿನ ಬದಲಿ. ಸರಿಯಾಗಿ ಫಲಿತವಾದ ಅಂಡಾಣುಗಳೊಳಗ 38ರಿಂದ 42% ಬ್ಲಾಸ್ಟೊಸಿಸ್ಟ್ (ಐದನೇ ದಿನದ ಹೊತ್ತಿಗೆ ಆಗೋ ಟೊಳ್ಳು ಚೆಂಡಿನಂಥ ಭ್ರೂಣ) ಆಗ್ತಾವ, ಅದಕ್ಕಿಂತ ಮ್ಯಾಲೆ ಹೋಗವಲ್ದು.

ಈಗ ಗ್ರೋತ್ ಫ್ಯಾಕ್ಟರ್ ಇರೋ ಮೀಡಿಯಾ, ಅಂದ್ರ ಜಿಎಂ-ಸಿಎಸ್‌ಎಫ್ ಅನ್ನೋ, ಕೋಶದ ಬೆಳವಣಿಗೆಗೆ ಸಂದೇಶ ಕೊಡೋ ಪ್ರೋಟೀನ್ ಹಾಕಿದ್ದು, ತರಿಸೋಣ ಅಂತ ಮಾತು ನಡೆದದ. ಎರಡು ಮೂರು ಸಲ ಟ್ರಾನ್ಸ್‌ಫರ್ (ಭ್ರೂಣ ಗರ್ಭಕೋಶಕ್ಕ ಬಿಡೋದು) ಆಗಿ ಗರ್ಭ ನಿಲ್ಲದವರಿಗೆ, ಗರ್ಭ ನಿಂತು ಹೋದವರಿಗೆ ಅದನ್ನ ಹಾಕಬೇಕು ಅಂತ ಒಂದು ಮಾತು. ಎಲ್ಲಾರಿಗೂ ಹಾಕಿಬಿಡೋಣ, ಬ್ಲಾಸ್ಟ್ ದರ ಏರ್ತದ ಅಂತ ಇನ್ನೊಂದು. ಮೂರನೇದು, ಬಾಟಲಿ ಭಾಳ ತುಟ್ಟಿ, ಮೆಡಿಕಲ್ ಶಾಪ್‌ನಾಗ ಸಿಗೋ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ನನ್ನೇ ಸಾದಾ ಮೀಡಿಯಾಕ್ಕ ಬೆರೆಸಿದ್ರ ಆಗಂಗಿಲ್ಲೇನು ಅಂತ.

ನನಗ ಬೇಕಾದದ್ದು: ಇದು ಖರೇನೂ ಕೆಲಸ ಮಾಡ್ತದೇನು, ಯಾರಿಗೆ? ಡಿಶ್ ಮಾಡೋ ಕ್ರಮದಾಗ ಏನು ಬದಲಿ ಮಾಡ್ಬೇಕು? ಫಿಲ್‌ಗ್ರಾಸ್ಟಿಮ್ ವಿಚಾರ ಸರಿ ಅದ ಏನು? ಹಾಕಿದ ಮ್ಯಾಲೆ ಉಪಯೋಗ ಆತೋ ಇಲ್ಲೋ ಅಂತ ನಮ್ಮಂಥ ಸಣ್ಣ ಲ್ಯಾಬ್ ಹೆಂಗ ತಿಳ್ಕೋಬೇಕು?


ಮಲಪ್ರಭಾ_ಎಂಬ್ರಿಯೊ (ಧಾರವಾಡ)

ಫಿಲ್‌ಗ್ರಾಸ್ಟಿಮ್ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಪಾಯ ಇರುವುದು ಅಲ್ಲಿ. ಬೇಡ. ಫಿಲ್‌ಗ್ರಾಸ್ಟಿಮ್ ಎಂದರೆ ಜಿ-ಸಿಎಸ್‌ಎಫ್, ಬಿಳಿ ರಕ್ತಕಣ ಹೆಚ್ಚಿಸುವ ಔಷಧಿ. ನೀವು ಕೇಳುತ್ತಿರುವುದು ಜಿಎಂ-ಸಿಎಸ್‌ಎಫ್. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ, ಆದರೆ ಪ್ರೋಟೀನ್ ಬೇರೆ, ಅದನ್ನು ಹಿಡಿಯುವ ರಿಸೆಪ್ಟರ್ ಬೇರೆ. ತೆಳು ಎಂಡೊಮೆಟ್ರಿಯಂಗೆ (ಗರ್ಭಕೋಶದ ಒಳಪದರಕ್ಕೆ) ಗರ್ಭಕೋಶದೊಳಗೆ ಬಿಡುವುದು ಜಿ-ಸಿಎಸ್‌ಎಫ್. ಅದರಿಂದಲೇ ಈ ಗೊಂದಲ ಹುಟ್ಟಿದೆ ಅನಿಸುತ್ತದೆ.

ಇನ್ನು ಬೆರೆಸುವ ಲೆಕ್ಕ ನೋಡಿ. ಆ ವಯಲ್‌ನಲ್ಲಿ ಮಿ.ಲೀ.ಗೆ 300 ಮೈಕ್ರೊಗ್ರಾಂ ಇರುತ್ತದೆ. ಭ್ರೂಣದ ಮೀಡಿಯಾದಲ್ಲಿ ಗ್ರೋತ್ ಫ್ಯಾಕ್ಟರ್ ಇರುವ ಮಟ್ಟ ಮಿ.ಲೀ.ಗೆ 2 ನ್ಯಾನೊಗ್ರಾಂ. ಅಂದರೆ ಒಂದೂವರೆ ಲಕ್ಷ ಪಟ್ಟು ತೆಳುವಾಗಿಸಬೇಕು. ಪೈಪೆಟ್‌ನಲ್ಲಿ ಹಂತಹಂತವಾಗಿ ಅಷ್ಟು ಇಳಿಸುವಾಗ ಪ್ರತಿ ಹಂತದಲ್ಲೂ ತಪ್ಪು ಗುಣಿಸುತ್ತ ಹೋಗುತ್ತದೆ, ಪ್ರೋಟೀನ್ ಪ್ಲಾಸ್ಟಿಕ್‌ಗೆ ಅಂಟಿ ಕಳೆದುಹೋಗುತ್ತದೆ. ಕೊನೆಯ ಹನಿಯಲ್ಲಿ ಎಷ್ಟು ಉಳಿಯಿತು ಎಂದು ಹೇಳುವವರು ಯಾರೂ ಇರುವುದಿಲ್ಲ. ಇಂಜೆಕ್ಷನ್ನಿನಲ್ಲಿ ಪಾಲಿಸಾರ್ಬೇಟ್ ಇದೆ, ಆಮ್ಲೀಯ ಬಫರ್ ಇದೆ. ಅದನ್ನು ಇಲಿ ಭ್ರೂಣದ ಪರೀಕ್ಷೆಗೆ (ದ್ರವದಲ್ಲಿ ಇಲಿ ಭ್ರೂಣ ಬೆಳೆಸಿ ವಿಷವಿಲ್ಲವೆಂದು ನೋಡುವುದಕ್ಕೆ) ಯಾರೂ ಒಳಪಡಿಸಿರುವುದಿಲ್ಲ. ರಕ್ತಕ್ಕೆ ಕೊಡುವ ಔಷಧಿ ಎಷ್ಟೇ ಶುದ್ಧವಾಗಿದ್ದರೂ ಭ್ರೂಣ ಐದು ದಿನ ಮುಳುಗಿರುವ ದ್ರವಕ್ಕೆ ಅದು ಸಲ್ಲದು. ನಿಜವಾದ ಜಿಎಂ-ಸಿಎಸ್‌ಎಫ್ ವಯಲ್ ಸಿಕ್ಕರೂ ಇದೇ ಮಾತು. ತಯಾರಕರೇ ಬೆರೆಸಿ, ಬ್ಯಾಚ್‌ವಾರು ಪರೀಕ್ಷಿಸಿದ ಬಾಟಲಿ ಮಾತ್ರ ಬಳಸಿ.

ಈಗ ವಿಜ್ಞಾನ. ಜಿಎಂ-ಸಿಎಸ್‌ಎಫ್ ಹೆಣ್ಣಿನ ಗರ್ಭನಾಳ ಮತ್ತು ಗರ್ಭಕೋಶದ ಒಳಪದರ ಸ್ವತಃ ಸ್ರವಿಸುವ ಪ್ರೋಟೀನ್. ಮನುಷ್ಯ ಭ್ರೂಣದ ಮೇಲೆ ಅದರ ರಿಸೆಪ್ಟರ್‌ನ ಆಲ್ಫಾ ಭಾಗ ಇದೆ. ಅಡಿಲೇಡ್‌ನ ಸಾರಾ ರಾಬರ್ಟ್‌ಸನ್ ಮತ್ತು ಸ್ವೀಡನ್ನಿನ ಜತೆಗಾರರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಕಿತ್ಸೆಯಲ್ಲಿ ಉಳಿದ ಭ್ರೂಣಗಳಿಗೆ ಮಿ.ಲೀ.ಗೆ 2 ನ್ಯಾನೊಗ್ರಾಂ ಕೊಟ್ಟಾಗ ಬ್ಲಾಸ್ಟೊಸಿಸ್ಟ್ ಆದವು 30%ರಿಂದ 76%ಕ್ಕೆ ಏರಿದವು. 2002ರ ಮುಂದಿನ ಕೆಲಸದಲ್ಲಿ ಒಳಗಿನ ಕೋಶರಾಶಿಯಲ್ಲಿ, ಅಂದರೆ ಮುಂದೆ ಮಗುವಾಗುವ ಭಾಗದಲ್ಲಿ, ಕೋಶಗಳು ಹೆಚ್ಚಿದ್ದವು, ಸಾಯುವ ಕೋಶಗಳು ಕಡಿಮೆ ಇದ್ದವು. ಆಸೆ ಹುಟ್ಟಿದ್ದು ಇಲ್ಲಿಂದ.

ಆದರೆ 30%ರಿಂದ 76% ಎಂಬ ಅಂಕಿಯನ್ನು ನಿಮ್ಮ 40%ರ ಪಕ್ಕ ಇಟ್ಟು ನೋಡಬೇಡಿ. ಆ ಕಾಲದ ಮೀಡಿಯಾ ಬೇರೆ, ಭ್ರೂಣಗಳು ಚಿಕಿತ್ಸೆಗೆ ಬಳಸದೆ ಉಳಿದಂಥವು, ಸಂಖ್ಯೆ ಸಣ್ಣದು. ಡೆನ್ಮಾರ್ಕ್ ಮತ್ತು ಸ್ವೀಡನ್ನಿನ ಹಲವು ಕೇಂದ್ರಗಳಲ್ಲಿ 1,300ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅಂತರ ಎಷ್ಟಿತ್ತು ನೋಡಿ: 12ನೇ ವಾರಕ್ಕೂ ಗರ್ಭಕೋಶದಲ್ಲಿ ನಾಟಿ ಉಳಿದಿದ್ದ ಭ್ರೂಣಗಳು ಜಿಎಂ-ಸಿಎಸ್‌ಎಫ್ ಮೀಡಿಯಾದಲ್ಲಿ 23.0%, ಸಾದಾ ಮೀಡಿಯಾದಲ್ಲಿ 18.7%. ಜೀವಂತ ಜನನ 28.9% ಮತ್ತು 24.1%. ಲಾಭ ಹೆಚ್ಚು ಕಂಡದ್ದು ಹಿಂದೆ ಗರ್ಭಪಾತ ಆಗಿದ್ದವರಲ್ಲಿ. ಜತೆಗೆ ಮೀಡಿಯಾದ ಆಲ್ಬುಮಿನ್ ಮಿ.ಲೀ.ಗೆ 5 ಮಿ.ಗ್ರಾಂನಿಂದ 2ಕ್ಕೆ ಇಳಿಸಿದಾಗ ಪರಿಣಾಮ ಎದ್ದು ಕಂಡಿತು. ಈ ಆಲ್ಬುಮಿನ್ ಸಂಗತಿಯನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಮೀಡಿಯಾದಲ್ಲಿ ಪ್ರೋಟೀನ್ ದಂಡಿಯಾಗಿದ್ದರೆ ಆಲ್ಬುಮಿನ್ನೇ ಭ್ರೂಣಕ್ಕೆ ಅಷ್ಟಿಷ್ಟು ರಕ್ಷಣೆ ಕೊಡುತ್ತದೆ, ಗ್ರೋತ್ ಫ್ಯಾಕ್ಟರ್‌ಗೆ ತೋರಿಸಲು ಜಾಗ ಉಳಿಯುವುದಿಲ್ಲ ಎಂಬುದು ನನ್ನ ತಿಳಿವಳಿಕೆ. ಹಾಗಾಗಿ ಆ ಬಾಟಲಿಗೆ ಹೊರಗಿನಿಂದ ಆಲ್ಬುಮಿನ್ ಅಥವಾ ಸೀರಂ ಪೂರಕ ಸೇರಿಸುವ ಹಳೆಯ ಅಭ್ಯಾಸ ಇದ್ದರೆ ಬಿಡಿ.

2020ರ ಕಾಕ್ರೇನ್ (ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆ) ವಿಮರ್ಶೆ ಮೂರು ಪ್ರಯೋಗ, 1,532 ಮಹಿಳೆಯರನ್ನು ಒಟ್ಟುಗೂಡಿಸಿ ನೋಡಿತು. ಜೀವಂತ ಜನನ ಹೆಚ್ಚುತ್ತದೆ ಎಂದಾಗಲಿ ಗರ್ಭಪಾತ ತಗ್ಗುತ್ತದೆ ಎಂದಾಗಲಿ ಖಚಿತವಾಗಿ ಹೇಳುವಷ್ಟು ಆಧಾರ ಸಿಗಲಿಲ್ಲ. ಕೆಟ್ಟದ್ದು ಎಂದೂ ಕಂಡಿಲ್ಲ: 2010ರ ಡೆನ್ಮಾರ್ಕ್ ಅಧ್ಯಯನದಲ್ಲಿ ಭ್ರೂಣಗಳ ಕ್ರೋಮೊಸೋಮ್ ಸ್ಥಿತಿಯಲ್ಲಿ ವ್ಯತ್ಯಾಸ ಬರಲಿಲ್ಲ. ಎಲ್ಲರಿಗೂ ಹಾಕಬೇಕು ಎನ್ನುವುದಕ್ಕೆ ಈ ಆಧಾರ ಸಾಲದು. ಹಿಂದೆ ಗರ್ಭಪಾತ ಆದವರಿಗೆ, ವಿಷಯ ತಿಳಿಸಿ, ಒಪ್ಪಿದರೆ ಕೊಡುವುದಕ್ಕೆ ಅಡ್ಡಿ ಇಲ್ಲ.

ಇನ್ನು ನಿಮ್ಮ 38–42%. ಇದರ ಕಾರಣ ಗ್ರೋತ್ ಫ್ಯಾಕ್ಟರ್ ಇಲ್ಲದ್ದು ಎಂದು ನನಗೆ ಅನಿಸುವುದಿಲ್ಲ. ಐವಿಎಫ್ ಲ್ಯಾಬ್‌ಗಳ ಗುಣಮಟ್ಟಕ್ಕೆ ತಜ್ಞರು ಒಪ್ಪಿದ 2017ರ ವಿಯೆನ್ನಾ ಒಮ್ಮತದ ಪ್ರಕಾರ ಬ್ಲಾಸ್ಟೊಸಿಸ್ಟ್ ದರ ಕನಿಷ್ಠ 40%, ಒಳ್ಳೆಯ ಲ್ಯಾಬ್‌ಗೆ 60%. ನೀವು ಅಂಚಿನಲ್ಲಿದ್ದೀರಿ. ಮೊದಲು ನಿಮ್ಮ ಗ್ಯಾಸ್ ನೋಡಿ. ಮೀಡಿಯಾದಲ್ಲಿ ಕರಗುವ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದರೆ ಅದರ ಪಿಎಚ್ (ಆಮ್ಲ-ಕ್ಷಾರದ ಮಟ್ಟ) ಏರುತ್ತದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ, ಧಾರವಾಡ ಇನ್ನೂ ಎತ್ತರ. ಇಲ್ಲಿ ಗಾಳಿಯ ಒತ್ತಡವೇ ಸಮುದ್ರಮಟ್ಟಕ್ಕಿಂತ 7ರಿಂದ 8% ಕಡಿಮೆ. ಇನ್‌ಕ್ಯುಬೇಟರ್ ಪರದೆಯಲ್ಲಿ 6% ಎಂದು ಕಂಡರೂ ಮೀಡಿಯಾಕ್ಕೆ ಅದು ಮಂಗಳೂರಿನ ಐದೂವರೆ ಪರ್ಸೆಂಟ್ ಇದ್ದಂತೆ. ಪಿಎಚ್ 0.03ರಿಂದ 0.04 ಏರಿ ಕೂರುತ್ತದೆ. ತಯಾರಕರ ಹಾಳೆಯಲ್ಲಿರುವ 6% ಬಹುಪಾಲು ಸಮುದ್ರಮಟ್ಟದ ಲೆಕ್ಕ. ಇಲ್ಲಿ 6.5% ಹತ್ತಿರ ಬೇಕಾಗಬಹುದು. ಕೆಲವು ಯಂತ್ರಗಳು ಒತ್ತಡವನ್ನು ತಾವೇ ಸರಿದೂಗಿಸುತ್ತವೆ, ಆದ್ದರಿಂದ ಕೈಪಿಡಿ ನೋಡದೆ ಸೆಟ್ಟಿಂಗ್ ಮುಟ್ಟಬೇಡಿ. ಪಿಎಚ್ ಅಳೆದು, 7.2–7.4ರೊಳಗೆ ಮೀಡಿಯಾ ತಯಾರಕರು ಹೇಳಿದ ಜಾಗಕ್ಕೆ ಬರುವಂತೆ ಕಾಲು ಪರ್ಸೆಂಟಿನಷ್ಟು ಏರಿಸುತ್ತ ಹೋಗಿ.


ನವಲೂರು_ಪೇರಲ (ಧಾರವಾಡ)

ಪಿಎಚ್ ಅಳೆಯಲು ಬೇರೆ ಯಂತ್ರ ಬೇಡ, ಐಸಿಯುನ ಬ್ಲಡ್ ಗ್ಯಾಸ್ ಮಷಿನ್ ಸಾಕು. 1 ಮಿ.ಲೀ. ಮೀಡಿಯಾ ಟ್ಯೂಬ್‌ನಲ್ಲಿ ಹಾಕಿ ಮೇಲೆ ಎಣ್ಣೆ ಬಿಟ್ಟು, ಮುಚ್ಚಳ ಸಡಿಲ ಇಟ್ಟು, ಭ್ರೂಣ ಇರುವ ಅದೇ ಚೇಂಬರ್‌ನಲ್ಲಿ ರಾತ್ರಿ ಇಡಿ. ಬೆಳಿಗ್ಗೆ ಸಿರಿಂಜ್‌ನಲ್ಲಿ ಎಣ್ಣೆಯ ಕೆಳಗಿಂದ ಗುಳ್ಳೆ ಬಾರದಂತೆ ಎಳೆದು ಒಂದು ನಿಮಿಷದೊಳಗೆ ಹಾಕಿ. ಕಾರಿಡಾರ್ ದಾಟಿ ಹೋಗುವಷ್ಟರಲ್ಲಿ ಗ್ಯಾಸ್ ಹಾರಿದರೆ ಪಿಎಚ್ ಹೆಚ್ಚು ತೋರಿಸುತ್ತದೆ. ಮೂರು ಸಲ ಅಳೆದು ನೋಡಿ, ಒಂದರ ಮೇಲೆ ನಂಬಿಕೆ ಇಡಬೇಡಿ.


ಬೆಟಗೇರಿ_ಆರ್ (ಗದಗ)

ಡಿಶ್ ಮಾಡೋ ಕ್ರಮದ ಬಗ್ಗೆ ನಾ ಬರೀತೀನ್ರಿ. ಯಾಕಂದ್ರ ಈ ಮೀಡಿಯಾ ತರಿಸಿ ಕೆಡಿಸ್ಕೊಳ್ಳೋದು ಹೆಚ್ಚಾಗಿ ಇಲ್ಲೇ ಆಗತೈತಿ.

ಬಾಟಲಿ ಬರೋ ದಾರಿಯಿಂದ ಶುರು ಮಾಡ್ರಿ. ಪ್ರೋಟೀನ್ ಐತಿ, 2ರಿಂದ 8 ಡಿಗ್ರಿಯೊಳಗ ಇರಬೇಕು. ಏಪ್ರಿಲ್-ಮೇ ತಿಂಗಳಾಗ ಗದಗ, ಹುಬ್ಬಳ್ಳಿ ಕಡೆ ಬಿಸಲು ಹೆಂಗಿರತೈತಿ ಅಂತ ಹೇಳೋದು ಬ್ಯಾಡ. ಕೊರಿಯರ್ ಡಬ್ಬಿ ಮಧ್ಯಾಹ್ನ ಬಸ್ ಸ್ಟ್ಯಾಂಡಿನಾಗ ಎರಡು ತಾಸು ಕುಂತ್ರ ಒಳಗಿನ ಬರ್ಫ್ ಪ್ಯಾಕ್ ನೀರಾಗತೈತಿ. ಡೇಟಾ ಲಾಗರ್ ಇಲ್ದ ಬಂದ ಡಬ್ಬಿ ತಗೋಬ್ಯಾಡ್ರಿ. ಇದರ ಉಲ್ಟಾನೂ ಆಗತೈತಿ: ಗಟ್ಟಿ ಹೆಪ್ಪುಗಟ್ಟಿದ ಪ್ಯಾಕ್ ಬಾಟಲಿಗೆ ನೇರ ತಾಗಿ ಮೀಡಿಯಾನೂ ಹೆಪ್ಪುಗಟ್ಟತೈತಿ. ಕರಗಿದ ಮ್ಯಾಲೆ ನೋಡಾಕ ತಿಳಿ ನೀರಿನಂಗ ಕಾಣತೈತಿ, ಪ್ರೋಟೀನ್ ಕೆಟ್ಟಿರತೈತಿ. ಲಾಗರ್ ಸೊನ್ನೆ ಮುಟ್ಟಿದ್ರ ಆ ಬಾಟಲಿ ಬಿಟ್ಟುಬಿಡ್ರಿ. ಫ್ರಿಜ್ಜಿನ ಬಾಗಿಲಾಗ ಇಡಬ್ಯಾಡ್ರಿ, ನಡುವಿನ ಹಲಗಿ ಮ್ಯಾಲೆ ಇಡ್ರಿ, ಹಿಂದಿನ ಗ್ವಾಡಿಗೆ ತಾಗಬಾರದು.

ಬಾಟಲಿ ತೆರೆದ ತಾರೀಖು ಮ್ಯಾಲೆ ಬರೀರಿ. ಇಂಥಾ ಮೀಡಿಯಾದ ಆಯುಷ್ಯ ಸಾದಾ ಮೀಡಿಯಾಕ್ಕಿಂತ ಕಡಿಮಿ. ತೆರೆದ ಮ್ಯಾಲೆ ಎಷ್ಟು ದಿನ ಅಂತ ಲೇಬಲ್ ಮ್ಯಾಲೆ ಇದ್ದಷ್ಟ. ‘ಇನ್ನೂ ಅರ್ಧ ಐತಲ್ಲ’ ಅಂತ ಒಂದು ದಿನನೂ ದಾಟಿಸಬ್ಯಾಡ್ರಿ. ಸಣ್ಣ ಟ್ಯೂಬಿಗೆ ಹಂಚಿ ಇಡೋದೂ ಬ್ಯಾಡ. ಹನಿ 25 ಮೈಕ್ರೊಲೀಟರ್ ಅಂದ್ರ ಅದರಾಗ ಇರೋದು ಬರೇ 50 ಪಿಕೊಗ್ರಾಂ ಗ್ರೋತ್ ಫ್ಯಾಕ್ಟರ್. ಒಂದು ಪಾತ್ರೆಯಿಂದ ಇನ್ನೊಂದಕ್ಕ ಸುರುವಿದಷ್ಟೂ ಪ್ಲಾಸ್ಟಿಕ್ಕಿಗೆ ಅಂಟಿ ಹೋಗತೈತಿ.

ಡಿಶ್ ಹಿಂದಿನ ದಿನ ಸಂಜಿಮುಂದ ಮಾಡ್ರಿ. ಹುಡ್ಡಿನ (ಶುದ್ಧ ಗಾಳಿ ಬೀಸೋ ಕೆಲಸದ ಮೇಜು) ಬಿಸಿ ಹಲಗಿ ಬಂದ್ ಇರಬೇಕು. ಬಿಸಿ ಹಲಗಿ ಮ್ಯಾಲೆ, ಫ್ಯಾನಿನ ಗಾಳಿಯಾಗ, ಎಣ್ಣಿ ಹಾಕೋಕಿಂತ ಮೊದಲು ಹನಿ ಕುಂತಷ್ಟೂ ನೀರು ಆರತೈತಿ. 25 ಮೈಕ್ರೊಲೀಟರ್ ಹನಿಯೊಳಗ 2 ಮೈಕ್ರೊಲೀಟರ್ ಆರಿದ್ರ ಏನಾಗತೈತಿ ಲೆಕ್ಕ ಹಾಕ್ರಿ: 265 ಇದ್ದ ಆಸ್ಮೊಲಾಲಿಟಿ (ಕರಗಿದ ಉಪ್ಪು-ಸಕ್ಕರಿ ಎಷ್ಟು ಗಟ್ಟಿ ಅನ್ನೋ ಅಳತಿ) 288ಕ್ಕ ಏರತೈತಿ. 3 ಆರಿದ್ರ 300 ದಾಟತೈತಿ. ಭ್ರೂಣಕ್ಕ ಅದು ಉಪ್ಪಿನ ನೀರು. ಅದರಾಗ ಯಾವ ಗ್ರೋತ್ ಫ್ಯಾಕ್ಟರ್ ಹಾಕಿದ್ರೂ ಏನ್ ಉಪಯೋಗ?

ಅದಕ್ಕ ಹಿಂಗ ಮಾಡ್ರಿ. ಒಂದು ಸಲಕ್ಕ ಒಂದೇ ಡಿಶ್. ಮೊದಲು 8–10 ಮೈಕ್ರೊಲೀಟರ್ ಸಣ್ಣ ಹನಿ ಹಾಕಿ ಜಾಗ ಗುರುತು ಮಾಡ್ರಿ, ತಕ್ಷಣ ಎಣ್ಣಿ ಸುರುವ್ರಿ. ಆಮ್ಯಾಲೆ ಎಣ್ಣಿ ಕೆಳಗಿಂದ ಆ ಸಣ್ಣ ಹನಿ ಎಳದು ತಗದು, ಅದೇ ಜಾಗದಾಗ ಹೊಸ 25 ಮೈಕ್ರೊಲೀಟರ್ ಬಿಡ್ರಿ. ಆರಿದ ಹನಿ ಹೊರಗ ಹೋತು, ಹೊಸದು ಗಾಳಿನೇ ಕಾಣಲಿಲ್ಲ. ಮೀಡಿಯಾ ಸ್ವಲ್ಪ ಹಾಳಾಗತೈತಿ, ತುಟ್ಟಿ ಬಾಟಲಿ ಅಂತ ಹೊಟ್ಟಿ ಉರೀತೈತಿ, ಆದ್ರೂ ಹಿಂಗ ಮಾಡ್ರಿ. 60 ಮಿ.ಮೀ. ಡಿಶ್ಶಿಗೆ ಎಣ್ಣಿ 8ರಿಂದ 10 ಮಿ.ಲೀ. ಬೇಕು. ಹನಿಯ ನೆತ್ತಿ ಮ್ಯಾಲೆ ಎಣ್ಣಿ ದಪ್ಪಗ ನಿಂತಿರಬೇಕು. ಡಿಶ್ ಓರೆ ಮಾಡಿ ಬೆಳಕಿಗೆ ಹಿಡದು ನೋಡ್ರಿ, ಹನಿ ಗುಡ್ಡದಂಗ ಉಬ್ಬಿ ಎಣ್ಣಿ ಹೊರಗ ತಲಿ ಹಾಕಿದ್ರ ಎಣ್ಣಿ ಸಾಲದು. ನಿಮ್ಮದು ಡ್ರೈ ಇನ್‌ಕ್ಯುಬೇಟರ್, ಎಣ್ಣಿ ಕೆಳಗ ಇದ್ರೂ ದಿನಾ ಒಂದಿಷ್ಟು ಆರ್ತಾನ ಇರತೈತಿ. ಮೂರನೇ ದಿನ ಹಳೇ ಹನಿಗೆ ಹೊಸ ಮೀಡಿಯಾ ಸೇರಿಸೋದು ಬ್ಯಾಡ, ಪೂರ್ತಿ ಹೊಸ ಡಿಶ್ ಮಾಡ್ರಿ.

ಇನ್ನೊಂದು. ಶುಕ್ರವಾರ ಮಾಡಿದ ಡಿಶ್ ಸೋಮವಾರಕ್ಕ ಇಡಬ್ಯಾಡ್ರಿ. 37 ಡಿಗ್ರಿಯಾಗ ಅಮೈನೊ ಆಸಿಡ್ ಒಡದು ಅಮೋನಿಯಂ ಕೂಡತೈತಿ, ಗ್ರೋತ್ ಫ್ಯಾಕ್ಟರ್ರೂ ಸೊರಗತೈತಿ. ಒಂದು ರಾತ್ರಿ ಸಾಕು, 24 ತಾಸು ದಾಟಬಾರದು.

ಲ್ಯಾಬಿನ ಬಾಗಿಲ ಹೊರಗ ಊದಿನಕಡ್ಡಿ, ಫಿನಾಯಿಲ್, ಹೊಸ ಬಣ್ಣ, ಜನರೇಟರ್ ಹೊಗಿ, ಇವೆಲ್ಲಾ ಎಣ್ಣಿಯೊಳಗ ಕರಗಿ ಕುಂದರತಾವ. ಕಾರ್ಬನ್ ಫಿಲ್ಟರ್ ಕಡೀಸಲ ಯಾವಾಗ ಬದಲಿ ಆತು ನೋಡ್ರಿ.


ಉಣಕಲ್_ಲ್ಯಾಬ್ (ಹುಬ್ಬಳ್ಳಿ)

ಮೂವರಿಗೂ ಭಾಳ ಉಪಕಾರ. ಫಿಲ್‌ಗ್ರಾಸ್ಟಿಮ್ ಮಾತು ಇಲ್ಲಿಗೆ ಮುಗೀತು. ಸಣ್ಣ ಹನಿ ಹಾಕಿ ಬದಲಿಸೋದು ನಮ್ಮಲ್ಲಿ ಇಲ್ಲ, ಬಿಸಿ ಹಲಗಿ ಮ್ಯಾಲೆ ಒಂದೇ ಸಲಕ್ಕ ನಾಲ್ಕು ಡಿಶ್ ಹಾಕಿ ಆಮ್ಯಾಲೆ ಎಣ್ಣಿ ಸುರುವೋದು ಅದ. ನಾಳೆಯಿಂದಲೇ ಬದಲಿ.

ಎರಡು ಉಳಿದಾವ. ಒಬ್ಬರದೇ ಅಂಡಾಣುಗಳನ್ನ ಅರ್ಧ ಸಾದಾ ಮೀಡಿಯಾದಾಗ, ಅರ್ಧ ಜಿಎಂ-ಸಿಎಸ್‌ಎಫ್ ಮೀಡಿಯಾದಾಗ ಇಟ್ಟು ಹೋಲಿಸಿದ್ರ ನಮಗ ಉತ್ತರ ಸಿಗ್ತದೇನು? ಮತ್ತ ‘ಎಂಬ್ರಿಯೊ ಗ್ಲೂ’ ಇದಕ್ಕಿಂತ ಚಲೋ ಅಂತ ಕೆಲವರು ಅಂತಾರ. ಅದೂ ಗ್ರೋತ್ ಫ್ಯಾಕ್ಟರ್ ಏನು?


ಮಲಪ್ರಭಾ_ಎಂಬ್ರಿಯೊ (ಧಾರವಾಡ)

ಗ್ಲೂ ಗ್ರೋತ್ ಫ್ಯಾಕ್ಟರ್ ಅಲ್ಲ. ಅದರಲ್ಲಿರುವುದು ಹೈಯಲುರೊನಾನ್ ಎಂಬ ಅಂಟು ವಸ್ತು, ಮಿ.ಲೀ.ಗೆ 0.5 ಮಿ.ಗ್ರಾಂ. ಭ್ರೂಣವನ್ನು ಬೆಳೆಸುವುದಕ್ಕಲ್ಲ, ಟ್ರಾನ್ಸ್‌ಫರ್‌ಗೆ ಮುಂಚೆ ಕೊನೆಯಲ್ಲಿ ಇಡುವುದಕ್ಕೆ. ಅದರ ಮೇಲಿನ ಆಧಾರ ಜಿಎಂ-ಸಿಎಸ್‌ಎಫ್‌ಗಿಂತ ಗಟ್ಟಿ: 2020ರ ಕಾಕ್ರೇನ್ ವಿಮರ್ಶೆ ಜೀವಂತ ಜನನ ಹೆಚ್ಚುವುದನ್ನು ಮಧ್ಯಮ ಮಟ್ಟದ ಖಚಿತತೆಯಿಂದ ಹೇಳಿದೆ. ಎರಡನ್ನೂ ಒಂದೇ ಸಲ ಶುರು ಮಾಡಬೇಡಿ. ಫಲಿತಾಂಶ ಬದಲಾದರೆ ಯಾವುದರಿಂದ ಎಂದು ಎಂದಿಗೂ ಗೊತ್ತಾಗುವುದಿಲ್ಲ. ಐಜಿಎಫ್-1, ಎಚ್‌ಬಿ-ಇಜಿಎಫ್, ಎಲ್‌ಐಎಫ್ ಇವೆಲ್ಲ ಗ್ರೋತ್ ಫ್ಯಾಕ್ಟರ್ ಗುಂಪಿನವು. ಐಜಿಎಫ್-1 ಮನುಷ್ಯ ಭ್ರೂಣದಲ್ಲಿ ಕೋಶಗಳ ಸಾವು ತಗ್ಗಿಸಿದ್ದು 2000ದ ಹೊತ್ತಿಗೇ ಗೊತ್ತಿತ್ತು. ಎಲ್‌ಐಎಫ್ ಕತೆ ಎಚ್ಚರಿಕೆಯದು: 1992ರಲ್ಲಿ ಅದಿಲ್ಲದ ಹೆಣ್ಣು ಇಲಿಗಳಲ್ಲಿ ಭ್ರೂಣ ನಾಟಲೇ ಇಲ್ಲ ಎಂದು ಕಂಡಿತು. ಆದರೆ ಮಹಿಳೆಯರಿಗೆ ಅದನ್ನು ಇಂಜೆಕ್ಷನ್ ಆಗಿ ಕೊಟ್ಟ ಪ್ರಯೋಗದಲ್ಲಿ ಗರ್ಭ ನಿಲ್ಲುವುದು ಹೆಚ್ಚಲಿಲ್ಲ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಹಾಗೇ ನಡೆಯುತ್ತದೆ ಎಂದು ಹೇಳಲಾಗದು.

ಹೋಲಿಕೆ ಬಗ್ಗೆ. ಗರ್ಭ ನಿಲ್ಲುವ ದರದಲ್ಲಿ ವ್ಯತ್ಯಾಸ ಹುಡುಕಲು ಹೋಗಬೇಡಿ, ನಿಮ್ಮ ಸಂಖ್ಯೆ ಸಾಲದು. ಜನನ 25%ರಿಂದ 30%ಕ್ಕೆ ಏರಿತೇ ಎಂದು ನೆಚ್ಚಿ ಹೇಳಲು ಪ್ರತಿ ಗುಂಪಿಗೆ ಸುಮಾರು 1,250 ಮಂದಿ ಬೇಕು. ವರ್ಷಕ್ಕೆ 160 ಸೈಕಲ್ ಎಂದರೆ ಹದಿನೈದು ವರ್ಷಕ್ಕೂ ಮಿಗಿಲು. ಮೂರು ತಿಂಗಳಲ್ಲಿ ‘ಏರಿತು’ ಎಂದು ಕಂಡದ್ದು ಬಹುಮಟ್ಟಿಗೆ ಆಕಸ್ಮಿಕ, ‘ಇಳಿಯಿತು’ ಎಂದು ಕಂಡದ್ದೂ ಹಾಗೆಯೇ.

ಒಬ್ಬರದೇ ಅಂಡಾಣುಗಳನ್ನು ಹಂಚಿ ಬ್ಲಾಸ್ಟೊಸಿಸ್ಟ್ ದರ ನೋಡುವುದು ನಿಮ್ಮಿಂದ ಸಾಧ್ಯ. ವಯಸ್ಸು, ವೀರ್ಯ, ಔಷಧಿ ಎಲ್ಲ ಎರಡು ಕಡೆಗೂ ಒಂದೇ ಇರುವುದರಿಂದ ಹೋಲಿಕೆ ಶುದ್ಧ. ಆದರೆ ಕನಿಷ್ಠ ಎಂಟು ಅಂಡಾಣು ಇದ್ದವರಲ್ಲಿ ಮಾತ್ರ ಮಾಡಿ. ಮೂರು ನಾಲ್ಕು ಇದ್ದವರಲ್ಲಿ ಹಂಚಿದರೆ ಅವರಿಗೆ ಅನ್ಯಾಯ. ಹಂಚುವುದು ಇಕ್ಸಿ (ಅಂಡಾಣುವಿನೊಳಗೆ ವೀರ್ಯಾಣು ಚುಚ್ಚುವುದು) ಆದ ಕೂಡಲೇ, ನೋಡಲು ಚೆಂದ ಇದ್ದವು ಒಂದು ಕಡೆ ಹೋಗದಂತೆ, ಕ್ರಮಸಂಖ್ಯೆಯ ಪ್ರಕಾರ. ಎರಡೂ ಡಿಶ್ ಒಂದೇ ಇನ್‌ಕ್ಯುಬೇಟರ್‌ನಲ್ಲಿ, ಒಂದೇ ಬ್ಯಾಚಿನ ಎಣ್ಣೆಯಲ್ಲಿ. ಗ್ರೇಡ್ ಕೊಡುವವರಿಗೆ ಯಾವುದು ಯಾವ ಮೀಡಿಯಾ ಎಂದು ತಿಳಿದಿರಬಾರದು.

ನೋಡುವ ಹೊತ್ತು ಎಲ್ಲಕ್ಕಿಂತ ಮುಖ್ಯ. ವೀರ್ಯ ಸೇರಿಸಿದ ಹೊತ್ತಿನಿಂದ ಎಣಿಸಿ, ಫಲಿತ ಪರೀಕ್ಷೆ 17 ಗಂಟೆಗೆ, ಮೂರನೇ ದಿನದ್ದು 68ಕ್ಕೆ, ಎರಡಕ್ಕೂ ಒಂದು ಗಂಟೆ ಆಚೀಚೆ; ಐದನೇ ದಿನದ್ದು 116 ಗಂಟೆಗೆ, ಎರಡು ಗಂಟೆ ಆಚೀಚೆ. ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ, ಇನ್ನೊಂದು ದಿನ ಮಧ್ಯಾಹ್ನ ಎರಡಕ್ಕೆ ಪೆಟ್ಟಿಗೆ ತೆರೆದರೆ ಆ ಐದು ಗಂಟೆಯಲ್ಲಿ ಆರಂಭದ ಬ್ಲಾಸ್ಟ್ ಪೂರ್ತಿ ಅರಳಿರುತ್ತದೆ. ಹೊತ್ತು ಕೊಟ್ಟದ್ದನ್ನು ಮೀಡಿಯಾ ಕೊಟ್ಟಿತು ಎಂದು ಬರೆದುಕೊಳ್ಳುತ್ತೀರಿ. ಒಟ್ಟು ದರದ ಜತೆಗೆ ಒಳ್ಳೆಯ ಗ್ರೇಡಿನವು ಎಷ್ಟು ಎಂದು ಬೇರೆ ಕಾಲಂ ಇಡಿ. ಜಿಎಂ-ಸಿಎಸ್‌ಎಫ್ ಕೆಲಸ ಮಾಡಿದರೆ ಅದು ಕಾಣಬೇಕಾದದ್ದು ಒಳಗಿನ ಕೋಶರಾಶಿಯಲ್ಲಿ. ಎ ಎಂದು ಬರೆಯುವಾಗ ಕೋಶಗಳು ಒತ್ತಾಗಿ ಮುದ್ದೆಗಟ್ಟಿರಬೇಕು, ಒಂದೊಂದು ಕೋಶದ ಗೆರೆ ಎಣಿಸುವಂತಿದ್ದರೆ ಅದು ಬಿ.

ಇದನ್ನೆಲ್ಲ ಗ್ಯಾಸ್ ಸರಿಪಡಿಸಿ, ಡಿಶ್ ಕ್ರಮ ಬದಲಿಸಿ, ಎರಡು ತಿಂಗಳ ಅಂಕಿ ಬರೆದಿಟ್ಟ ಮೇಲೆ ಮಾಡಿ. ಹಂಚುವುದಕ್ಕೆ ದಂಪತಿಗಳ ಬರಹದ ಒಪ್ಪಿಗೆಯೂ ಬೇಕು.


ವರದಾ_ತೀರ (ಹಾವೇರಿ)

ಲ್ಯಾಬಿನವರು ಹೇಳಬೇಕಾದದ್ದು ಹೇಳಿದ್ದಾರೆ. ದಂಪತಿಗಳ ಎದುರು ಕೂತು ಮಾತಾಡುವ ಕಡೆಯಿಂದ ನಾಲ್ಕು ಮಾತು.

‘ಭ್ರೂಣಕ್ಕ ಟಾನಿಕ್ ಹಾಕ್ತಾರಂತ, ನಮಗೂ ಹಾಕ್ರಿ ಡಾಕ್ಟ್ರ’ ಎಂದು ಕೇಳುವವರು ಹೆಚ್ಚಿದ್ದಾರೆ. ಟಾನಿಕ್ ಎಂಬ ಮಾತನ್ನು ಅಲ್ಲೇ ತಿದ್ದಬೇಕು. ಅದು ಶಕ್ತಿ ಕೊಡುವ ಆಹಾರವಲ್ಲ, ಕೋಶಕ್ಕೆ ‘ತಡೆದುಕೋ, ಸಾಯಬೇಡ’ ಎನ್ನುವ ಸಂದೇಶ. ಕ್ರೋಮೊಸೋಮ್ ತಪ್ಪಿದ ಭ್ರೂಣವನ್ನು ಯಾವ ಸಂದೇಶವೂ ಸರಿಮಾಡದು. ವಯಸ್ಸು 40 ದಾಟಿದವರಲ್ಲಿ ಹೆಚ್ಚಿನ ಭ್ರೂಣಗಳು ಅಂಥವೇ. ಅವರಿಗೆ ಈ ಬಾಟಲಿ ಮಾರುವುದು ನನಗೆ ಒಪ್ಪಿಗೆಯಿಲ್ಲ.

ಎರಡು ಸಲ ಗರ್ಭ ಹೋದವರಿಗೆ ಮೀಡಿಯಾ ಬದಲಿಸುವ ಮೊದಲು ನೋಡಬೇಕಾದ್ದು ಬೇರೆ ಇದೆ: ಥೈರಾಯ್ಡ್, ಸಕ್ಕರೆ, ಗರ್ಭಕೋಶದೊಳಗೆ ಪರದೆಯೋ ಪಾಲಿಪೋ ಇದೆಯೇ, ಆಂಟಿಫಾಸ್ಫೊಲಿಪಿಡ್ ಆಂಟಿಬಾಡಿ (ರಕ್ತ ಹೆಪ್ಪುಗಟ್ಟಿಸಿ ಗರ್ಭ ಕೆಡಿಸಬಲ್ಲದು), ಬೇಕೆನಿಸಿದರೆ ಗಂಡ-ಹೆಂಡತಿ ಇಬ್ಬರ ಕ್ಯಾರಿಯೊಟೈಪ್ (ಕ್ರೋಮೊಸೋಮ್ ಪರೀಕ್ಷೆ). ಆಂಟಿಬಾಡಿ ಪರೀಕ್ಷೆ 12 ವಾರ ಬಿಟ್ಟು ಎರಡನೇ ಸಲವೂ ಪಾಸಿಟಿವ್ ಬರಬೇಕು, ಒಂದೇ ಸಲದ ವರದಿ ನಂಬಿ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಶುರು ಮಾಡುವಂತಿಲ್ಲ. ಇವುಗಳಲ್ಲಿ ಯಾವುದಾದರೂ ಸಿಕ್ಕರೆ ಅದರ ಚಿಕಿತ್ಸೆಯೇ ಮೊದಲು. ಎಲ್ಲ ಸರಿ ಇದ್ದೂ ಗರ್ಭ ಹೋಗಿದ್ದರೆ ಜಿಎಂ-ಸಿಎಸ್‌ಎಫ್ ಮಾತು ತೆಗೆಯಬಹುದು. ಟ್ರಾನ್ಸ್‌ಫರ್ ಆಗಿ ನಿಂತೇ ಇಲ್ಲದವರು ಬೇರೆ, ನಿಂತು ಹೋದವರು ಬೇರೆ. 2013ರ ಪ್ರಯೋಗ ಆಸೆ ತೋರಿದ್ದು ಎರಡನೆಯವರಿಗೆ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ‘ಈ ಮೀಡಿಯಾದಿಂದ ಮಗುವಾಗುವುದು ಹೆಚ್ಚುತ್ತದೆ ಎಂಬುದು ಖಚಿತವಾಗಿಲ್ಲ, ಹೆಚ್ಚುವರಿ ಖರ್ಚು ಇಷ್ಟು, ಬೇಡವೆಂದರೂ ಚಿಕಿತ್ಸೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ’ ಈ ಮೂರು ಸಾಲು ಅದರಲ್ಲಿ ಕಡ್ಡಾಯವಾಗಿ ಇರಬೇಕು. ಹೊಲ ಒತ್ತೆ ಇಟ್ಟು ಬಂದವರಿಗೆ ಕೊನೆಯ ಸಾಲು ಬಹಳ ದೊಡ್ಡದು. ಓದಿ ಹೇಳಿ, ಒಂದು ದಿನ ಮನೆಗೆ ಕಳಿಸಿ, ಅತ್ತೆ-ಮಾವನ ಎದುರಲ್ಲ, ದಂಪತಿ ಇಬ್ಬರೇ ಇದ್ದಾಗ ಸಹಿ ತೆಗೆದುಕೊಳ್ಳಿ. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಡಿ ಬರಹದ ಒಪ್ಪಿಗೆ ಇಲ್ಲದೆ ಏನೂ ಮಾಡುವಂತಿಲ್ಲ. ಉಳಿದ ಭ್ರೂಣಗಳನ್ನು ಹೊಸ ಮೀಡಿಯಾ ಪರೀಕ್ಷಿಸಲು ಬಳಸೋಣ ಎಂಬ ಯೋಚನೆ ಯಾರಿಗಾದರೂ ಬಂದರೆ ಅದು ಸಂಶೋಧನೆಯಾಗುತ್ತದೆ, ಅದರ ಅನುಮತಿಯ ದಾರಿಯೇ ಬೇರೆ.


ಬೆಟಗೇರಿ_ಆರ್ (ಗದಗ)

ಹಾವೇರಿ ಡಾಕ್ಟರು ಹೇಳಿದ್ದಕ್ಕ ಒಂದು ಸೇರಿಸ್ತೀನಿ. ನಮ್ಮ ಕಡೆ ಸಣ್ಣ ಊರಾಗ ಬ್ಯಾಚ್ ಐವಿಎಫ್ ಜಾಸ್ತಿ, ಹತ್ತು ಹನ್ನೆರಡು ಮಂದಿನ್ನ ಒಂದೇ ವಾರಕ್ಕ ಕೂಡಿಸಿ ಮಾಡ್ತಾರ. ಆಯುಷ್ಯ ಕಡಿಮಿ ಇರೋ ಮೀಡಿಯಾಕ್ಕ ಅದು ಒಂದು ರೀತಿ ಅನುಕೂಲ, ಬಾಟಲಿ ಹಾಳಾಗಂಗಿಲ್ಲ. ಆದ್ರ ನಡುವ ಇನ್‌ಕ್ಯುಬೇಟರ್ ಬಂದ್ ಮಾಡಿ ಇಟ್ಟಿರ್ತಾರ. ಬ್ಯಾಚಿಗೆ ಒಂದು ವಾರ ಮೊದಲು ಚಾಲೂ ಮಾಡಿ, ಗ್ಯಾಸ್ ಬಿಟ್ಟು, ದಿನಾ ಟೆಂಪರೇಚರ್ ಬರಕೊಂಡು ಸ್ಥಿರ ಆದ ಮ್ಯಾಲೇ ಡಿಶ್ ಇಡಬೇಕು. ಸಿಲಿಂಡರ್ ಬದಲಿ ಮಾಡಿದ ದಿನ ಗ್ಯಾಸ್ ಅನಲೈಜರಿನಿಂದ ಅಳೀರಿ, ಪರದೆ ಮ್ಯಾಲಿನ ಅಂಕಿ ನಂಬಬ್ಯಾಡ್ರಿ.


ಉಣಕಲ್_ಲ್ಯಾಬ್ (ಹುಬ್ಬಳ್ಳಿ)

ಇವತ್ತು ಪಿಎಚ್ ಅಳದ್ವಿ, ಮೂರು ಸಲ. 7.39, 7.40, 7.39. ನಮ್ಮ ಮೀಡಿಯಾದ ಹಾಳೆ ಕೇಳೋದು 7.27–7.35. ಕೈಪಿಡಿ ನೋಡಿದ್ವಿ, ಯಂತ್ರ ಒತ್ತಡ ಸರಿದೂಗಿಸಂಗಿಲ್ಲ. ಭ್ರೂಣ ಇಲ್ಲದ ಚೇಂಬರ್‌ನಾಗ 6.25%ಕ್ಕ ಏರಿಸಿ ಇಟ್ಟೀವಿ, ನಾಳೆ ಮುಂಜಾನೆ ಮತ್ತ ಅಳೀತೀವಿ. ಜಿಎಂ-ಸಿಎಸ್‌ಎಫ್ ಆರ್ಡರ್ ಸದ್ಯಕ್ಕ ತಡದೀವಿ. ಒಂದು ಕೇಳೋದದ: ಕಾರ್ಬನ್ ಡೈಆಕ್ಸೈಡ್ ಏರಿಸಿದ್ರ ಆಕ್ಸಿಜನ್ 5% ಹಂಗ ಬಿಡಬೇಕೇನು?


ಮಲಪ್ರಭಾ_ಎಂಬ್ರಿಯೊ (ಧಾರವಾಡ)

ಹಾಗೇ ಬಿಡಿ. ನಮ್ಮ ಎತ್ತರದಲ್ಲಿ 5% ಆಕ್ಸಿಜನ್ ಸಮುದ್ರಮಟ್ಟದ 4.6%ಕ್ಕೆ ಸಮ, ಭ್ರೂಣಕ್ಕೆ ಅದರಿಂದ ತೊಂದರೆಯಿಲ್ಲ. 6.25%ರಲ್ಲಿ ಪಿಎಚ್ 0.02ರಷ್ಟೇ ಇಳಿಯುತ್ತದೆ, ನಿಮಗೆ ಸಾಲದು. ಮುಂದಿನ ಹೆಜ್ಜೆಗೆ 6.5%, ಮತ್ತೆ 6.75%, ಪ್ರತಿ ಹೆಜ್ಜೆಗೂ ಒಂದು ರಾತ್ರಿ. 7.33ರ ಹತ್ತಿರ ಬಂದಾಗ ನಿಲ್ಲಿಸಿ, ಎರಡನೇ ಇನ್‌ಕ್ಯುಬೇಟರ್‌ಗೆ ಅದೇ ಅಂಕಿ ನಕಲು ಮಾಡದೆ ಅದನ್ನೂ ಮೊದಲಿಂದ ಅಳೆಯಿರಿ.